ಕಾಗದ ಒಣಗುವ ಹೊತ್ತು

1974ರ ಚಳಿಗಾಲದಲ್ಲಿ ನಾನು ಧಾರವಾಡದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಶಾಸನ ಸಹಾಯಕಿಯಾಗಿದ್ದೆ. ಎಂ.ಎ. ಮುಗಿದು ಒಂದು ವರ್ಷವಾಗಿತ್ತು. ಹುದ್ದೆ ತಾತ್ಕಾಲಿಕ. ಮುಂದುವರಿಸುವುದೋ ಬಿಡುವುದೋ ಎಂಬುದು ಮಾರ್ಚ್‌ನಲ್ಲಿ ನಮ್ಮ ವಿಭಾಗದ ಸಾಹೇಬರ ಶಿಫಾರಸಿನ ಮೇಲೆ ನಿಲ್ಲುತ್ತಿತ್ತು. ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ತಿರುಗಿ, ಹಳೆಯ ಗುಡಿಗಳ ಶಾಸನಗಳಿಂದ ಪಡಿಯಚ್ಚು ತೆಗೆದು ತರುವುದು ನನ್ನ ಕೆಲಸ.

ಪಡಿಯಚ್ಚು ಎಂದರೆ ಕಲ್ಲಿನ ಅಕ್ಷರಗಳನ್ನು ಕಾಗದದ ಮೇಲೆ ಇಳಿಸಿಕೊಳ್ಳುವುದು. ಕಲ್ಲನ್ನು ತಿಕ್ಕಿ ತೊಳೆದು, ನೆನೆಸಿದ ತೆಳು ಕಾಗದ ಹಾಸಿ, ಬಿರುಸು ಬ್ರಶ್ಶಿನಿಂದ ಬಡಿಯಬೇಕು. ಆಗ ಕಾಗದ ಅಕ್ಷರಗಳ ತಗ್ಗಿಗೆ ಇಳಿಯುತ್ತದೆ. ನೀರು ಆರಿದ ಮೇಲೆ ಅರಿವೆಯ ಉಂಡೆಯಿಂದ ಮಸಿ ತಟ್ಟಿದರೆ ಹಿನ್ನೆಲೆಯೆಲ್ಲ ಕಪ್ಪು, ಅಕ್ಷರ ಮಾತ್ರ ಬಿಳಿ. ಆರುವ ಮೊದಲೇ ಮಸಿ ಹಚ್ಚಿದರೆ ಎಲ್ಲ ಕಲಸಿಹೋಗುತ್ತದೆ. ಆದ್ದರಿಂದ ನಡುವೆ ಕಾಯಲೇಬೇಕು. ಈ ಕಾಯುವ ಹೊತ್ತಿನ ಮೇಲೆ ಸಾಹೇಬರ ಕಣ್ಣಿತ್ತು. ಒಂದು ಕಾಗದ ಒಣಗುವಷ್ಟರಲ್ಲಿ ಇನ್ನೊಂದು ಕಲ್ಲು ತೊಳೆಯಬೇಕು, ಅದು ಒಣಗುವಷ್ಟರಲ್ಲಿ ಮೊದಲನೆಯದಕ್ಕೆ ಮಸಿ ಹಚ್ಚಬೇಕು ಎಂಬುದು ಅವರ ಆದೇಶ.

ಕಿತ್ತೂರಿನ ಹತ್ತಿರದ ದೇಗಾಂವದಲ್ಲಿ ಹಾಗೆಯೇ ಮಾಡಿದೆ. ಈ ಕಲ್ಲಿನಿಂದ ಆ ಕಲ್ಲಿಗೆ ಓಡಿದೆ, ರೊಟ್ಟಿಯನ್ನು ನಿಂತೇ ತಿಂದೆ. ಮರಳುವಾಗ ಬಸ್ಸಿನಲ್ಲಿ ಪಕ್ಕದಲ್ಲಿದ್ದ ಹೆಂಗಸು, "ಕಮಲನಾರಾಯಣನ ಗುಡಿ ನೋಡಿದ್ರೇನ್ರಿ? ಭಾಳ ಚಂದ ಐತಂತ" ಎಂದಳು. ದಿನಗಟ್ಟಲೆ ಅದರ ಅಂಗಳದಲ್ಲೇ ಇದ್ದವಳು ನಾನು. ಆ ಗುಡಿ ಹೇಗಿತ್ತೆಂದು ನೆನಪಿಗೆ ಬರಲಿಲ್ಲ. ಮುಂದಿನ ಊರು ಹೂಲಿ. ಅಲ್ಲಿ ಕಾಗದ ಒಣಗುವವರೆಗೆ ಸುಮ್ಮನೆ ಕುಳಿತುಕೊಳ್ಳುತ್ತೇನೆ ಎಂದು ಬಸ್ಸಿನಲ್ಲೇ ನಿಶ್ಚಯಿಸಿದೆ.

ಹೂಲಿಯಲ್ಲಿ ಒಬ್ಬ ಪುರೋಹಿತರ ಮನೆಯಲ್ಲಿ ಉಳಿದುಕೊಳ್ಳುವ ಏರ್ಪಾಡಾಗಿತ್ತು. ಮೊದಲ ದಿನ ಕಾಗದ ಬಡಿದು ಗುಡಿಯ ಜಗಲಿಯ ಮೇಲೆ ಬೆನ್ನು ಆನಿಸಿ ಕುಳಿತೆ. ಓದಲಿಲ್ಲ, ಬರೆಯಲಿಲ್ಲ. ಎದುರಿನ ಕಟ್ಟೆಯಲ್ಲಿ ಬೆಳಗಿನಿಂದ ಕುಳಿತಿದ್ದ ಗಂಡಸರಲ್ಲೊಬ್ಬ ಕೂಗಿ ಕೇಳಿದ:

"ಅಕ್ಕಾರ, ನಿಮ್ಮ ಸಾಹೇಬ್ರು ಕುಂದ್ರಾಕ ಪಗಾರ ಕೊಡತಾರೇನ್ರಿ?"

"ನಿಮಗ ಯಾರ ಕೊಡತಾರ್ರಿ?" ಎಂದೆ.

ಕಟ್ಟೆಯ ಉಳಿದವರು ನಕ್ಕರು. ದಿನವಿಡೀ ಅಲ್ಲಿ ಕೂಡುವ ಅವರನ್ನು ಯಾರೂ ಅಂಥ ಪ್ರಶ್ನೆ ಕೇಳಿರಲಿಲ್ಲ.

ಆ ಮನೆಯ ಸೊಸೆ ರಮಾ. ನಾನು ಅವರನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದೆ. ಅತ್ತೆ, ಗಂಡ, ಇಬ್ಬರು ಮೈದುನರು, ಮಕ್ಕಳು: ಎಲ್ಲರ ಕೆಲಸವೂ ಅವರ ಮೇಲೆ. ಮರುದಿನ ನನಗೆ ರೊಟ್ಟಿ ತಂದುಕೊಟ್ಟರು. "ಆಡು ಬಂದ್ರ ಹೊಡೀರಿ ವೈನಿ, ನೀರು ತರ್ತೀನಿ" ಎಂದು ಬಾವಿಗೆ ಹೋದೆ. ಮರಳಿ ಬಂದಾಗ ಜಗಲಿಯ ಮೇಲೆ ಕಾಲು ಚಾಚಿ ಕುಳಿತಿದ್ದರು. ಏಳಲಿಲ್ಲ. ಬಹಳ ಹೊತ್ತಿನ ಮೇಲೆ, "ಇಲ್ಲಿ ನನ್ನ ಯಾರೂ ಕರೀವಲ್ರು, ನೋಡ್ರಿ" ಎಂದರು. ಅಷ್ಟೇ ಮಾತು.

ಮೂರನೆಯ ದಿನ ಅವರೇ ಬಂದರು. ಮನೆಯಲ್ಲಿ ಹೇಳಿದ ಕಾರಣ: ಸರಕಾರಿ ಕಾಗದ, ಆಡು ತಿಂದರೆ ಬಾಯಾರ, ಅಂದರೆ ನನ್ನ, ಕೆಲಸ ಹೋಗುತ್ತದೆ, ಯಾರಾದರೂ ಕಾಯಬೇಕು. ಅವರ ಅತ್ತೆಯನ್ನು ಊರವರೆಲ್ಲ ಆಯಿ ಎನ್ನುತ್ತಿದ್ದರು. ಆಯಿ ನನ್ನನ್ನು ಕೇಳಿದಾಗ ನಾನೂ ಹೌದೆಂದೆ. ಹೀಗೆ ದಿನವೂ ಊಟದ ನಂತರ ವೈನಿಗೆ ಒಂದು ತಾಸು ಸಿಕ್ಕಿತು. ನಾವಿಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ನನಗೆ ಅದು ಒಗ್ಗುತ್ತಿತ್ತು, ಅವರಿಗೂ ಒಗ್ಗಿದಂತಿತ್ತು.

ಒಂದು ಮಧ್ಯಾಹ್ನ ಸಾಹೇಬರ ಜೀಪು ಬಂತು. ಹಾಸಿದ ಒಂದು ಕಾಗದ, ಪಕ್ಕದಲ್ಲಿ ಕುಳಿತ ಇಬ್ಬರು ಹೆಂಗಸರು. ಸಾಹೇಬರ ಹುಬ್ಬು ಮೇಲೇರಿತು.

"ಆ ಇನ್ನೊಂದು ಕಲ್ಲು ಯಾಕ ತೊಳೆದಿಲ್ಲ?"

"ಥಂಡಿಗೆ ಲಗೂನ ಒಣಗೂದಿಲ್ಲ ಸರ್. ಗಾಳಿಗೆ ಅಂಚು ಏಳ್ತದ. ಬಿಟ್ಟು ಹೋಗಲಿಕ್ಕೆ ಆಗೂದಿಲ್ಲ."

ಹೇಳಿದ್ದು ಸುಳ್ಳಲ್ಲ. ಆದರೆ ನಾನು ಕುಳಿತದ್ದು ಅದಕ್ಕಲ್ಲ. ಸಾಹೇಬರು, "ಮಾರ್ಚ್ ದೂರ ಇಲ್ಲ, ನೆನಪಿರಲಿ" ಎಂದು ಹೇಳಿ ಸವದತ್ತಿಯ ಕಡೆ ಹೋದರು.

ಜೀಪಿನ ಸದ್ದು ಕೇಳಿ ಜನ ಹೊರಬಂದಿದ್ದರು. ಅವರ ನಡುವಿನಿಂದ ಆಯಿ ನೇರ ನಮ್ಮ ಕಡೆ ಬಂದರು.

"ರಮಾ, ಮೈದುನ ಹೊಲದಿಂದ ಬಂದಾನ. ಅವಲಕ್ಕಿ ಹಚ್ಚವರು ಯಾರು? ಇಲ್ಲಿ ಏನ ಮಾಡ್ಲಿಕತ್ತಿ?"

ನಾನು ನಡುವೆ ಬಾಯಿ ಹಾಕಿದೆ: "ಕಾಗದ ಇನ್ನೂ ಹಸಿ ಅದ ಆಯಿ..."

ಆಯಿ ಬಗ್ಗಿ ಅಂಗೈಯನ್ನು ಕಾಗದದ ಮೇಲೆ ಇಡಲು ಹೋದರು. ಮುಟ್ಟಿದ್ದರೆ ಆ ದಿನದ ಕೆಲಸ ಮಾತ್ರವಲ್ಲ, ವೈನಿಯ ತಾಸೂ ಅಲ್ಲಿಗೆ ಮುಗಿಯುತ್ತಿತ್ತು. ಏಕೆಂದರೆ ಕಾಗದ ಆಗಲೇ ಆರಿತ್ತು, ನಾನು ಮಸಿಯ ಡಬ್ಬಿ ತೆರೆಯಬೇಕಿತ್ತು.

"ಮುಟ್ಟಬ್ಯಾಡ್ರಿ ಆಯಿ, ಹರೀತದ," ಎಂದರು ವೈನಿ. "ಅದು ಒಣಗೇದ. ಆಗಲೇ ಒಣಗೇದ."

"ಮತ್ತ? ಏಳು!"

"ಕಾಗದ ಒಣಗೇದ. ನಾ ಇನ್ನೂ ಕೂತೀನಿ."

"ಯಾತಕ್ಕ?"

"ಕೂಡಲಿಕ್ಕೆ."

ಆಯಿ ಸೊಸೆಯ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನಾನೇ ಕಲಿಸಿದ್ದು ಎಂಬ ಸಿಟ್ಟು ಅವರ ಕಣ್ಣಲ್ಲಿತ್ತು. "ಅವಲಕ್ಕಿ?" ಎಂದು ಮತ್ತೆ ಕೇಳಿದರು.

"ಡಬ್ಬಿ ನೆಲುವಿನ ಕೆಳಗ ಅದ. ಮೈದುನಗ ಎರಡು ಕೈ ಅವ. ಬೇಕಾದ್ರ ಹಚ್ಚಿಕೊಳ್ಳಲಿ, ಇಲ್ಲಾಂದ್ರ ನಾ ಬರೂತನಕ ತಾಳಲಿ."

ವೈನಿ ಕೂಗಾಡಲಿಲ್ಲ, ಅಳಲಿಲ್ಲ, ಕಾಲು ಕೂಡ ಮಡಚಿಕೊಳ್ಳಲಿಲ್ಲ. "ಧಾರವಾಡದ ಗಾಳಿ ಮನಿಗೆ ಹೊಕ್ಕಿತು" ಎಂದು ಆಯಿ ಸೆರಗು ಕೊಡವಿ ಹೊರಟರು. ಕಟ್ಟೆಯವನೊಬ್ಬ, "ಹೋಗಲಿ ಬಿಡ್ರಿ ಆಯಿ, ಗುಡಿಯಾಗ ಕುಂತಾರ" ಎಂದ. "ನೀ ಬಾಯಿ ಮುಚ್ಚೋ, ನಿನಗ ಇದ ಉದ್ಯೋಗ!" ಎಂದು ಅವನಿಗೂ ಒಂದು ಬಿತ್ತು.

ಮರುದಿನ ಮೋಡ ಕವಿದಿತ್ತು. ಕಾಗದ ಹಾಸುವಂತಿರಲಿಲ್ಲ. ನಾನು ಒಳಗೆ ಹಿಂದಿನ ಪಡಿಯಚ್ಚುಗಳನ್ನು ಸುತ್ತಿಡುತ್ತಿದ್ದೆ. ಆಯಿ ಬಾಗಿಲಲ್ಲಿ ನಿಂತು, "ಇವತ್ತ ಕಾಗದನೂ ಇಲ್ಲ, ನೀನೂ ಇಲ್ಲ. ಆದ್ರೂ ಹೋಗಿ ಕೂತಾಳ, ನೋಡವಾ" ಎಂದರು. ದೂರೋ ಬೆರಗೋ ನನಗೆ ತಿಳಿಯಲಿಲ್ಲ. ಒಲೆಯ ಮೇಲೆ ಚಹಾದ ನೀರನ್ನು ಅವರೇ ಇಟ್ಟಿದ್ದರು.

ನಾನು ಓದಿದವಳು. ಸಂಬಳವಿತ್ತು, ಒಬ್ಬಳೇ ಊರೂರು ತಿರುಗುವ ಸ್ವಾತಂತ್ರ್ಯವಿತ್ತು. ಆದರೂ ಸಾಹೇಬರ ಮುಂದೆ ಥಂಡಿ, ಗಾಳಿ ಎಂದು ನೆಪ ಹುಡುಕಿದ್ದೆ. ಕಳೆದುಕೊಳ್ಳಲು ನನಗಿಂತ ಹೆಚ್ಚು ಇದ್ದವರು ವೈನಿ. ಆ ಮನೆ ಬಿಟ್ಟರೆ ಅವರಿಗೆ ಬೇರೆ ಜಾಗವಿರಲಿಲ್ಲ. ನಾನು ಒದಗಿಸಿದ ನೆಪವನ್ನು ಅವರು ಬೇಡವೆಂದರು.

ಧಾರವಾಡಕ್ಕೆ ಮರಳಿದ ವಾರ ಸಾಹೇಬರು ರಾಮದುರ್ಗದ ಪ್ರವಾಸದ ಮಾತು ತೆಗೆದರು.

"ಅಲ್ಲಿ ಬಿಸಲು ಜೋರ ಅದ. ದಿನಕ್ಕ ಎರಡು ಕಲ್ಲು ಆಗಬೇಕು."

"ಒಂದು ಮಾಡ್ತೀನಿ ಸರ್."

"ಯಾಕ? ಅಲ್ಲೇನು ಥಂಡಿ ಇಲ್ಲ, ಗಾಳಿ ಇಲ್ಲ."

"ಇಲ್ಲ ಸರ್, ಕಾಗದ ಲಗೂನ ಒಣಗ್ತದ. ಆಮ್ಯಾಲೆ ನಾ ಸ್ವಲ್ಪ ಹೊತ್ತು ಕೂಡ್ತೀನಿ."

"ಕೂತು ಏನು ಮಾಡ್ತೀರಿ?"

"ಏನೂ ಇಲ್ಲ ಸರ್."

ಅವರು ಪೆನ್ನಿನ ಟೊಪ್ಪಿಗೆ ಹಾಕಿದರು, ತೆಗೆದರು. "ಅಕ್ಷರ ಚೊಲೋ ಬಂದಾವ, ಹೂಲಿಯವು" ಎಂದು ಗೊಣಗಿ ಬೇರೆ ಕಡತ ಎಳೆದುಕೊಂಡರು. ಆ ಮಾತನ್ನು ನನ್ನ ಸಮರ್ಥನೆಗೆ ಬಳಸಬಹುದಿತ್ತು. ಬಳಸಲಿಲ್ಲ. ಅಕ್ಷರ ಕೆಟ್ಟು ಬಂದಿದ್ದರೂ ನಾನು ಕೂಡುವವಳೇ.

ಮಾರ್ಚ್‌ನಲ್ಲಿ ಹುದ್ದೆ ಮುಂದುವರಿಯಿತು. ಈ ಕೆಲಸ ನನಗೆ ಹಳೆಗನ್ನಡದ ಲಿಪಿ ಕಲಿಸಿತು, ತಾಳ್ಮೆ ಕಲಿಸಿತು ಎಂದು ಜನ ತಿಳಿಯುತ್ತಾರೆ. ಕಲಿತದ್ದು ಬೇರೆ. ಬಿಡುವಿಗೆ ಕಾರಣ ಕೊಟ್ಟರೆ, ಆ ಕಾರಣ ಸಾಕೋ ಸಾಲದೋ ಎಂದು ಅಳೆಯುವ ಅಧಿಕಾರವನ್ನೂ ಎದುರಿನವರ ಕೈಗೆ ಕೊಟ್ಟಂತೆ. ನಾನು ಈಗ ಕಾರಣ ಕೊಡುವುದಿಲ್ಲ.