ಮುತ್ಯಾ ಊದಿ ನೋಡಿದ ನಳಿಗೆ

ನಮ್ಮಜ್ಜ ಮುತ್ಯಾನ ಹಳೆಯ ಬೇಟೆ ಬಂದೂಕಿನ ನಳಿಗೆ ಬಿರುಕು ಬಿಟ್ಟಿತ್ತು. ಹೊಸದನ್ನು ಆರಿಸಲು ಅವನ ಜೊತೆ ನಾನೂ ಬಾಗಲಕೋಟೆಯ ಬಂದೂಕಿನ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಮುಂದಿಟ್ಟ ಒಂದು ನಳಿಗೆಗೆ ಮುತ್ಯಾ ತುಟಿ ಹಚ್ಚಿ ಭೋಂ ಎಂದು ಊದಿಯೇಬಿಟ್ಟ.

“ಯಜಮಾನ್ರ, ಇದೇನ್ ಕೊಳಲೇನ್ರಿ? ಒಳಗ ಕಣ್ಣಿಟ್ಟು ನೋಡ್ರಿ!” ಎಂದು ಅಂಗಡಿಯವರು ನಕ್ಕರು. ನಾನು ನಾಚಿ ಮೊಬೈಲ್ ನೋಡುತ್ತ ನಿಂತೆ.

“ದನಿ ಭಾಳ ಸಣ್ಣದಾತು,” ಎಂದು ಮುತ್ಯಾ ಇನ್ನೊಂದನ್ನು ಎತ್ತಿಕೊಂಡ.

ಮೊದಲೆಲ್ಲ ದಿನಾ ಸಂಜೆ ಹೊಲದಿಂದ ಮನೆಗೆ ಹೊರಡುವಾಗ ಅವನು ಬಂದೂಕಿನ ಖಾಲಿ ನಳಿಗೆ ಬಿಚ್ಚಿ ಊದುತ್ತಿದ್ದ. ಅದು ಕೇಳಿದ ಮೇಲೆಯೇ ಆಯಿ, ಅಂದರೆ ನಮ್ಮಜ್ಜಿ, ರೊಟ್ಟಿಗೆಂದು ಒಲೆಯ ಮೇಲೆ ಹಂಚು ಇಡುತ್ತಿದ್ದಳು. ಆಯಿ ತೀರಿಕೊಂಡು ವರ್ಷವಾಗಿತ್ತು.

“ಕೇಳಾಕ ಆಯಿ ಇಲ್ಲಲ್ಲ ಮುತ್ಯಾ,” ಎಂದೆ ಮೆಲ್ಲಗೆ.

“ಖರೆ. ಊದಾಕ ನಾ ಅದೀನಲ್ಲವಾ,” ಎಂದ.

ಅಂಗಡಿಯವರು ನಗು ನಿಲ್ಲಿಸಿದರು. ಒಳಗೆ ಹೋಗಿ ಉದ್ದನೆಯದೊಂದನ್ನು ತಂದುಕೊಟ್ಟರು. ಅದನ್ನು ಊದಿದ ಮುತ್ಯಾನ ಕಣ್ಣು ತುಂಬಿ ಬಂತು. “ಇದನ್ನಽ ಕೊಡ್ರಿ,” ಎಂದ.

ಈಗ ಸಂಜೆ ಆ ದನಿ ಕೇಳಿದ ಕೂಡಲೇ ಹಂಚು ಇಡುವವಳು ನಾನು. ನನ್ನ ರೊಟ್ಟಿ ಒಂದು ಕಡೆ ಹಸಿ, ಒಂದು ಕಡೆ ಕರಿ. ಮುತ್ಯಾ ಅದನ್ನೇ ತಿಂದು ಮುಗಿಸುತ್ತಾನೆ. ಇತ್ತೀಚೆಗೆ ಸ್ವಲ್ಪ ಮೆಲ್ಲಗೆ ಊದುತ್ತಾನೆ, ಅಷ್ಟೇ.