ವಾಡೆಯ ಅವ್ವ ಹೊಸ್ತಿಲು ದಾಟಿದ್ದು

ನಮ್ಮೂರ ವಾಡೆಯ ಅವ್ವ ಯಾರನ್ನು ನೋಡಿದರೂ ಎಡಗಣ್ಣು ಮುಚ್ಚಿ ಬಲಗಣ್ಣಿನಿಂದಲೇ ನೋಡುತ್ತಿದ್ದಳು. ಗೊತ್ತಿಲ್ಲದವರು ಕಣ್ಣು ಹೊಡೆದಳೆಂದು ಗಾಬರಿಯಾಗುತ್ತಿದ್ದರು! ಪಾಪ, ಅದು ಗೋಡೆಯ ಬಂದೂಕಿನ ಕಿಂಡಿ ಕಲಿಸಿದ ಚಟ. ಮದುವೆಯಾಗಿ ಬಂದಾಗಿನಿಂದ ಅವಳು ಊರನ್ನು ಕಂಡದ್ದು ಆ ಕಿಂಡಿಗೆ ಒಂದು ಕಣ್ಣಿಟ್ಟೇ.

ವಾಡೆಯೆಂದರೆ ಕೋಟೆಯಂಥದೇ ಮನೆ. ಕಪ್ಪತಗುಡ್ಡದ ಬುಡದಲ್ಲಿ ಲೂಟಿಗಾರರು ತಿರುಗುತ್ತಿದ್ದ ಕಾಲಕ್ಕೆ ಅವಳ ಗಂಡನ ಹಿರಿಯರಾದ ದೇಸಾಯರು ಕಟ್ಟಿಸಿದ್ದು. ಮೂಲೆಗೊಂದು ಹುಡೇವು ಎಂಬ ಕಾವಲುಗೋಪುರ, ಮೇಲೆ ಬಂಡಿ ಓಡಾಡುವಷ್ಟು ದಪ್ಪ ಗೋಡೆ, ಆನೆ ಗುದ್ದಿದರೂ ಅಲುಗದ ಬಾಗಿಲು. ಆ ಮನೆಯ ಸೊಸೆಯರು ಮೇಣೆಯಲ್ಲಿ ಒಳಗೆ ಬಂದರೆ ಹೊರಗೆ ಹೋಗುವುದು ಹೆಣವಾಗಿಯೇ. "ಕಳ್ಳರು ಒಳಗ ಬರಬಾರದಂತ ಕಟ್ಟಿಸ್ಯಾರಂತ. ಸುಳ್ಳವಾ! ನಾವು ಹೊರಗ ಹೋಗಬಾರದಂತ" ಎಂದು ಅವ್ವ ನಗುತ್ತಿದ್ದಳು.

ನಿಜಾಮನ ಸೀಮೆಯಲ್ಲಿ ರಜಾಕಾರರ ಹಾವಳಿ ಎದ್ದು ಜನ ಗಡಿ ದಾಟಿ ಓಡಿಬಂದಾಗ ಅವ್ವನ ಗಂಡ ದೇಸಾಯರು ತೀರಿಕೊಂಡಿದ್ದರು. ವಾಡೆಯ ವ್ಯವಹಾರ ನೋಡುತ್ತಿದ್ದ ಕಾರಭಾರಿ ಬಾಗಿಲು ಹಾಕಿಸಲು ಹೋದರೆ ಅವ್ವ ಒಳಗಿನಿಂದಲೇ ಗುಡುಗಿದಳು: "ಇಂಥಾ ದಿನಕ್ಕಲ್ಲದ ಇನ್ಯಾವ ದಿನಕ್ಕ ಕಟ್ಯಾರ ಇದನ್ನ? ತಗೀರಿ ಬಾಗಲಾ!" ಅಂಗಳದ ತುಂಬ ಬಂದವರ ಒಲೆ ಹೊತ್ತಿದವು. ಅವಳು ಮಾತ್ರ ಹೊಸ್ತಿಲು ದಾಟಲಿಲ್ಲ.

ಅದಾಗಿ ಏಳೆಂಟು ವರ್ಷಕ್ಕೆ ನಾನು ಅವಳಿಗೆ ದಿನಾ ಪೇಪರು ಓದಿ ಹೇಳುವ ಹುಡುಗಿಯಾದೆ. ಕನ್ನಡ ನಾಡು ಒಂದಾಗುವ ಸುದ್ದಿಯನ್ನು ಎರಡೆರಡು ಸಲ ಓದಿಸುತ್ತಿದ್ದಳು. ಆ ವರ್ಷವೇ ನನ್ನ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಯಿತು. "ಗದಗಕ್ಕ ಹೋಗಿ ಹೈಸ್ಕೂಲ ಕಲಿ, ಖೋಡಿ" ಎಂದಳು. ಇರಲು ಗದಗಿನ ಪಕ್ಕದ ಬೆಟಗೇರಿಯಲ್ಲಿ ಸೋದರತ್ತೆಯ ಮನೆಯಿತ್ತು. ಆದರೆ ಅಪ್ಪ ಒಪ್ಪಬೇಕಲ್ಲ! ಅವನು ಆಗಲೇ ಹರ್ತಿಯಲ್ಲಿ ನನಗೆ ಗಂಡು ನೋಡಿದ್ದ. ಅವ್ವ ಆಳಿನ ಕೈಯಲ್ಲಿ ಹೇಳಿಕಳಿಸಿದಾಗ ಉರಿದುಬಿದ್ದ.

"ತಾವ ಹೊಸ್ತಲಾ ದಾಟಂಗಿಲ್ಲ, ನನ್ನ ಮಗಳನ್ನ ಗದಗಕ್ಕ ಕಳಸಂತಾರ! ಹಿಂಗ ಹೇಳು ಹೋಗು."

ನಾನು ಹಿತ್ತಲಲ್ಲಿ ಅಳುತ್ತ ಕೂತೆ. ಆಳು ಹೋಗಿ ಇದ್ದದ್ದು ಇದ್ದಂತೆ ಹೇಳಿಬಿಟ್ಟ, ಪುಣ್ಯಾತ್ಮ.

ಮರುದಿನ ಉರಿಬಿಸಿಲಿನಲ್ಲಿ ನಮ್ಮ ಓಣಿಯ ಗದ್ದಲ ಥಟ್ಟನೆ ನಿಂತಿತು. ತಲೆತುಂಬ ಸೆರಗು ಹೊದ್ದು ಅವ್ವ ನಡೆದು ಬರುತ್ತಿದ್ದಳು, ಬರಿಗಾಲಲ್ಲಿ. ಹೊರಗೇ ಹೋಗದವಳಿಗೆ ಚಪ್ಪಲಿ ಎಲ್ಲಿಂದ ಬರಬೇಕು? ಅಂಗಾಲು ಸುಟ್ಟು ಕುಣಿಕುಣಿದು ಹೆಜ್ಜೆ ಹಾಕುತ್ತಿದ್ದಳು. ಹಿಂದೆ ಕಾರಭಾರಿ ಕೈ ಹಿಸುಕಿಕೊಳ್ಳುತ್ತ ಬರುತ್ತಿದ್ದ. ನಮ್ಮ ಬಾಗಿಲಲ್ಲಿ ನಿಂತು ಏದುಸಿರಿನಲ್ಲೇ ಕೇಳಿದಳು: "ದಾಟಿ ಬಂದೇನಪಾ ತಮ್ಮಾ. ಈಗರ ಕಳಸ್ತಿಯೋ ಇಲ್ಲೋ?"

ಅಪ್ಪ ಓಡಿಹೋಗಿ ಕಂಬಳಿ ಹಾಸಿದ, ತಂಬಿಗೆಯಲ್ಲಿ ನೀರು ತಂದ. "ಮದಲ ಕುಂಡ್ರಿ ಅವ್ವಾರ... ಕಳಸ್ತೇನ್ರಿ" ಎಂದ. ನನಗೆ ಆದ ಸಂತೋಷವನ್ನು ಏನು ಹೇಳಲಿ!

ನೀರು ಕುಡಿದ ಅವ್ವ ವಾಡೆಗೆ ಮರಳಲಿಲ್ಲ. "ನಡಿಯವಾ, ಊರು ತೋರ್ಸು. ಕೆರಿ ಯಾ ಕಡೆ ಐತಿ?" ಎಂದು ನನ್ನ ಕೈ ಹಿಡಿದಳು. ಅಪ್ಪ ತನ್ನ ಚಪ್ಪಲಿಯನ್ನೇ ಅವಳ ಮುಂದಿಟ್ಟ. ಆ ದೊಡ್ಡ ಚಪ್ಪಲಿ ಪಟಪಟ ಎನಿಸುತ್ತ ಅವಳು ಊರೆಲ್ಲ ತಿರುಗಿದಳು.

ಅವ್ವ ತೀರಿಕೊಂಡು ಬಹಳ ವರ್ಷಗಳಾದವು. ನಾನು ಗದಗಿನಲ್ಲಿ ಕಲಿತು, ಶಿರಹಟ್ಟಿಯಲ್ಲಿ ಶಿಕ್ಷಕಿಯಾಗಿ ನಿವೃತ್ತಳಾದೆ. ಅವಳ ಋಣ ತೀರಿಸುವುದು ನನ್ನಿಂದಾಗದ ಮಾತು. ಆದರೆ ಯಾವ ಹುಡುಗಿ ಶಾಲೆ ಬಿಟ್ಟಳೆಂದು ತಿಳಿದರೂ ಅವಳ ಅಪ್ಪನಿಗೆ ಇನ್ನೊಬ್ಬರ ಕೈಯಲ್ಲಿ ಎಂದೂ ಹೇಳಿಕಳಿಸಲಿಲ್ಲ. ನಾನೇ ಹೋಗಿ ಅವನ ಬಾಗಿಲಲ್ಲಿ ನಿಂತೆ.