ಕಹಿಯನ್ನು ನಂಬಿದ ನಾಲಿಗೆ

ಹಾಗಲಕಾಯಿ ಪಲ್ಯ ತಿನ್ನುವಾಗ ಈಗಲೂ ನಾನು ನಡುವೆ ಒಮ್ಮೆ ಬಾಯಿ ಪೂರ್ತಿ ತೆರೆದು ಮುಚ್ಚಿ ನೋಡಿಕೊಳ್ಳುತ್ತೇನೆ. ದವಡೆ ಸಡಿಲವಾಗಿದೆ ಎಂದು ಖಾತ್ರಿಯಾದ ಮೇಲೆಯೇ ಮುಂದಿನ ತುತ್ತು.

ಮೀಂಜದ ನಮ್ಮ ಮನೆಯಲ್ಲಿ ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ ಬರಿಹೊಟ್ಟೆಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿಯಬೇಕು. ಕುಡಿದವರಿಗೆ ವರ್ಷವಿಡೀ ಕಾಯಿಲೆಯಿಲ್ಲ ಎಂಬ ನಂಬಿಕೆ. ಗಂಡಸೊಬ್ಬ ಬೆಳಕು ಹರಿಯುವ ಮೊದಲು, ಮೈಮೇಲೆ ಬಟ್ಟೆಯಿಲ್ಲದೆ ಹೋಗಿ, ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತರಬೇಕು. ಹಾಗೆ ಹೋಗುವವನು ಟಾರ್ಚ್ ಒಯ್ಯುವುದಿಲ್ಲ. ಅದಕ್ಕೇ ಅಪ್ಪ ಹಿಂದಿನ ಸಂಜೆಯೇ ಹೋಗಿ ಮರ ಗುರುತಿಸಿ, ನೂಲು ಕಟ್ಟಿ ಬರುತ್ತಿದ್ದರು.

ಅಪ್ಪ ತೀರಿಕೊಂಡ ಮರುವರ್ಷ ಆ ಕೆಲಸವನ್ನು ದುಬೈಯಿಂದ ರಜೆಯಲ್ಲಿ ಬಂದಿದ್ದ ಅಕ್ಕನ ಗಂಡ ವಹಿಸಿಕೊಂಡರು. ಹಿಂದಿನ ಸಂಜೆ ಮಳೆ ಬಿಡಲಿಲ್ಲ. ಯಾರೂ ಮರ ನೋಡಲು ಹೋಗಲಿಲ್ಲ.

ಬೆಳಿಗ್ಗೆ ನಾನು ಏಳುವಾಗ ಭಾವ ಬೈರಾಸು ಸುತ್ತಿಕೊಂಡು ಚಾವಡಿಯಲ್ಲಿ ನಡುಗುತ್ತಿದ್ದರು. ತೊಗಟೆ ಮೊರದಲ್ಲಿತ್ತು.

"ಜಜ್ಜುವಾಗ ಹಾಲು ಬಂತಾ, ನೋಡಿದ್ರಾ?" ಎಂದು ಅಮ್ಮ ಕೇಳಿದಳು. ಪಾಲೆಗೆ ಗಾಯವಾದರೆ ಬಿಳಿ ಹಾಲು ಒಸರುತ್ತದೆ.

"ಆ ಕತ್ತಲೆಯಲ್ಲಿ, ಆ ಮಳೆಯಲ್ಲಿ ಹಾಲೆಂತ, ಮೊಸರೆಂತ ಅತ್ತೆ! ನನಗೆ ಯಾರಾದ್ರೂ ನೋಡಿಬಿಟ್ರೆ ಅಂತ ಹೆದರಿಕೆ."

"ನಿಮ್ಮನ್ನು ಯಾರು ನೋಡ್ತಾರೆ? ನೋಡ್ಲಿಕ್ಕೆ ಎಂತ ಉಂಟು?" ಎಂದಳು ಅಕ್ಕ. ಎಲ್ಲರೂ ನಕ್ಕೆವು. ಆ ನಗು ನನಗೆ ಈಗಲೂ ಕೇಳಿಸುತ್ತದೆ, ಅಮ್ಮನ ಪ್ರಶ್ನೆ ಅದರಡಿಯಲ್ಲಿ ಮುಚ್ಚಿಹೋಯಿತು.

ಅಮ್ಮ ತೊಗಟೆಯನ್ನು ಓಮ, ಕಾಳುಮೆಣಸು, ಬೆಳ್ಳುಳ್ಳಿಯೊಂದಿಗೆ ಅರೆದು ಹಿಂಡಿದಳು. ಕೆಂಪಗೆ ಕಾಯಿಸಿದ ಬೆಣಚುಕಲ್ಲನ್ನು ರಸಕ್ಕೆ ಹಾಕಿದಾಗ ಚುಂಯ್ ಎಂದಿತು. ಮನೆಯ ಹಿರಿಯರು ಮೊದಲು ಕುಡಿಯಬೇಕು. ಅಮ್ಮ ಲೋಟ ಎತ್ತಿ ಒಂದೇ ಉಸಿರಿಗೆ ಕುಡಿದು ಮುಖ ಕಿವುಚಿದಳು.

"ಈ ವರ್ಷ ಕಹಿ ಜಾಸ್ತಿ. ಒಳ್ಳೇದೇ."

ಬೇರೆ ಯಾವ ದಿನ ಆ ಕಹಿ ಬಾಯಿಗೆ ಬಿದ್ದಿದ್ದರೂ ಅಮ್ಮ ಉಗುಳುತ್ತಿದ್ದಳು. ಆದರೆ ಆ ದಿನ ಕಹಿಯಾಗಿದ್ದರೆ ಮಾತ್ರ ಮದ್ದು ಎಂದು ನಮ್ಮೆಲ್ಲರ ನಾಲಿಗೆಗೆ ಸಣ್ಣದರಲ್ಲೇ ಕಲಿಸಿದ್ದರು. ವಿಷ ಬಂದರೆ ತಡೆಯಬೇಕಾದ ಬಾಗಿಲನ್ನು ನಾವೇ ತೆರೆದಿಟ್ಟಿದ್ದೆವು.

ಅಕ್ಕನಿಗೆ ಎಳೆ ಮಗುವಿತ್ತು, ಹಾಗಾಗಿ ಅವಳು ಕುಡಿಯುವಂತಿರಲಿಲ್ಲ. ಭಾವ ಸ್ನಾನಕ್ಕೆ ಹೋದರು. ಮುಂದಿನ ಸರದಿ ನನ್ನದು. ಡಿಗ್ರಿ ಮುಗಿಸಿದ್ದರೂ ಮೂಗು ಮುಚ್ಚದೆ ಕುಡಿಯಲು ನಾನು ಕಲಿತಿರಲಿಲ್ಲ. ಲೋಟ ಹಿಡಿದು ಸುಮ್ಮನೆ ಹೊತ್ತು ಕಳೆಯುತ್ತಿದ್ದೆ. ಅಮ್ಮ ಮೆಂತೆ ಗಂಜಿಗೆಂದು ತೆಂಗಿನಕಾಯಿ ತುರಿಯಲು ಕೂತಿದ್ದವಳು, "ಕಾಲು ಸೆಟೆದುಕೊಂಡಿತು" ಎಂದಳು. ಸ್ವಲ್ಪ ಹೊತ್ತಿನಲ್ಲಿ ಮತ್ತೇನೋ ಹೇಳಲು ಹೊರಟಳು, ದವಡೆ ಬಿಡಲಿಲ್ಲ. ಮಾತಿನ ಬದಲು ನನ್ನ ಕೈಯಲ್ಲಿದ್ದ ಲೋಟವನ್ನೇ ದಿಟ್ಟಿಸಿದಳು.

"ಕುಡಿ ಅಂತ ಹೇಳ್ತಿದ್ದಾಳೆ ಮಾರಾಯ್ತಿ. ಎಷ್ಟು ಹೊತ್ತು ಆಟ ಆಡ್ತಿ?" ಎಂದಳು ಅಕ್ಕ.

ಲೋಟ ತುಟಿಗೆ ತಾಗಿತ್ತು. ಆಗಲೇ ಒಳಗೆ ಮಗು ಕಿರುಚಿತು. ಆ ಸದ್ದಿಗೆ ಅಮ್ಮನ ಮೈಯೆಲ್ಲ ಬಿಲ್ಲಿನಂತೆ ಹಿಂದಕ್ಕೆ ಬಾಗಿತು. ಕಣ್ಣು ಮಾತ್ರ ತೆರೆದೇ ಇತ್ತು, ಎಚ್ಚರವಾಗಿತ್ತು, ನನ್ನ ಲೋಟದ ಮೇಲೇ ಇತ್ತು.

ಪಕ್ಕದ ಮನೆಯ ಬ್ಯಾರಿ ಕಾಕ ಜೀಪು ತಂದರು. ಮಂಗಳೂರಿಗೆ ಹೊರಟೆವು. ತಿರುವಿನಲ್ಲಿ ಅವರು ಹಾರ್ನ್ ಹಾಕಿದಾಗ ಅಮ್ಮ ಮತ್ತೆ ಬಾಗಿದಳು.

"ಕಾಕ, ಹಾರ್ನ್ ಬೇಡ!"

"ಹಾರ್ನ್ ಇಲ್ಲದೆ ಈ ಮಳೆಯಲ್ಲಿ ಹೇಗೆ ಮೋಳೇ?" ಎಂದರೂ ಮತ್ತೆ ಹಾಕಲಿಲ್ಲ. ಎದುರಿನಿಂದ ಬರುವ ಪ್ರತಿ ಬಸ್ಸೂ ನಮ್ಮ ಮೇಲೇ ಬರುವಂತೆ ಕಾಣುತ್ತಿತ್ತು. ನಾನು ಅಮ್ಮನ ಕಿವಿಗಳನ್ನು ಅಂಗೈಗಳಿಂದ ಮುಚ್ಚಿಕೊಂಡು ಕೂತಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು ತೊಗಟೆ ತೆಗೆದ ಮರದ ಎಲೆ ತರಲು ಹೇಳಿದರು. ಭಾವ ಹಗಲು ಬೆಳಕಿನಲ್ಲಿ ಅದೇ ಮರದ ಕೊಂಬೆ ತಂದರು. ಪಾಲೆಯ ಎಲೆಗಳು ಗೊಂಚಲಾಗಿರುತ್ತವೆ, ಇದರಲ್ಲಿ ಎರಡೆರಡೇ ಇದ್ದವು. ಕಾಸರಕ. ನಮ್ಮೂರಲ್ಲಿ ದನ ಕೂಡ ಮುಟ್ಟದ ವಿಷದ ಮರ. ಭಾವ ಕೊಂಬೆ ಹಿಡಿದೇ ಎಲೆಗಳನ್ನು ಮತ್ತೆ ಮತ್ತೆ ಎಣಿಸಿ ನೋಡಿದರು.

ಮದ್ದು ಕೊಟ್ಟು, ಕತ್ತಲ ಕೋಣೆಯಲ್ಲಿ ಸದ್ದಿಲ್ಲದೆ ಮಲಗಿಸಿ ಅಮ್ಮನನ್ನು ಉಳಿಸಿದರು. ಮನೆಗೆ ಬಂದು ಗಂಜಿ ಉಣ್ಣುವಷ್ಟು ಚೇತರಿಸಿಕೊಂಡ ಮೇಲೆ, ನನ್ನನ್ನು ಕೊರೆಯುತ್ತಿದ್ದದ್ದನ್ನು ಕೇಳಿಯೇಬಿಟ್ಟೆ.

"ಅವತ್ತು ನನ್ನ ಲೋಟ ನೋಡಿ ಎಂತ ಹೇಳ್ಲಿಕ್ಕೆ ಹೊರಟದ್ದು? ಕುಡೀಬೇಡ ಅಂತ ಅಲ್ವಾ?"

ಅಮ್ಮ ಉಪ್ಪಿನಕಾಯಿ ನೆಕ್ಕಿದಳು.

"ಇಲ್ಲ. ಬೇಗ ಕುಡಿ ಅಂತ. ನನಗೆ ಎಂತದೋ ಕಾಯಿಲೆ ಬಡಿಯಿತು ಅಂತ ಗೊತ್ತಾಯ್ತು. ಕಷಾಯ ಹೊಟ್ಟೆಗೆ ಹೋದ್ರೆ ನಿನಗಾದ್ರೂ ಬರುವುದಿಲ್ಲ ಅಂತ."

ಅಮ್ಮ ಬಟ್ಟಲು ನನ್ನ ಕೈಗೆ ಕೊಟ್ಟು ಹೇಳಿದಳು:

"ನಿನಗೆ ಈ ವರ್ಷದ್ದು ತಪ್ಪಿಹೋಯ್ತು. ಬರುವ ಆಟಿಗೆ ತಪ್ಪಿಸಬೇಡ."